ಹದಿನಾಲ್ಕನೇ ನಂಬರಿನ ಫೋಟೋ

ಆಲೂರಿನ ತಾಲೂಕು ಕಚೇರಿಯ ಎದುರು, ಗೊಬ್ಬರದಂಗಡಿಯ ಪಕ್ಕದ ಓಣಿಯಲ್ಲಿ ಗಂಗಾಮಣಿಯ ಇಂಟರ್‌ನೆಟ್ ಸೆಂಟರ್ ಇತ್ತು. ಬೋರ್ಡಿನ ಮೇಲೆ ಬೇರೆ ಏನೋ ಹೆಸರಿದ್ದರೂ ಜನ ಕರೆಯುತ್ತಿದ್ದುದು ಟೈಪು ಗಂಗಕ್ಕನ ಅಂಗಡಿ ಎಂದೇ. ಅದಕ್ಕೆ ಕಾರಣವಿತ್ತು. ಹಾನುಬಾಳಿನ ಕಡೆಯ ಒಂದು ಎಸ್ಟೇಟಿನಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದ ಲಿಂಗಪ್ಪನ ಮಗಳು ಅವಳು. ಎಸ್ಸೆಸ್ಸೆಲ್ಸಿ ಮುಗಿಸಿ ಸಕಲೇಶಪುರದಲ್ಲಿ ಕನ್ನಡ ಬೆರಳಚ್ಚು ಕಲಿತು, ಸೀನಿಯರ್ ಪರೀಕ್ಷೆಯನ್ನೂ ಪಾಸು ಮಾಡಿದಳು. ಸರ್ಕಾರಿ ಬಸ್ಸಿನ ಕಂಡಕ್ಟರ್ ಬಸವರಾಜುವನ್ನು ಮದುವೆಯಾಗಿ ಆಲೂರಿಗೆ ಬಂದ ಮೇಲೆ, ತಾಲೂಕು ಕಚೇರಿಯ ಎದುರಿನ ಜಗಲಿಯೊಂದರಲ್ಲಿ ಮಿಷನ್ ಇಟ್ಟುಕೊಂಡು ಹತ್ತು ಹನ್ನೆರಡು ವರ್ಷ ಜನರ ಅರ್ಜಿ, ತಕರಾರು, ವಂಶವೃಕ್ಷ ಎಲ್ಲವನ್ನೂ ಟೈಪು ಮಾಡಿಕೊಟ್ಟಳು. ಓದು ಬರಹ ಬಾರದವರು ಎದುರು ಕೂತು ಬಾಯಲ್ಲಿ ಹೇಳಿದ್ದು ಅವಳ ಬೆರಳಲ್ಲಿ ಕಾಗದವಾಗುತ್ತಿತ್ತು.

ಕಂಪ್ಯೂಟರ್ ಬಂದು ಟೈಪ್ ಮಿಷನ್‌ಗಳೆಲ್ಲ ಮೂಲೆ ಸೇರತೊಡಗಿದಾಗ ಅವಳ ಜೊತೆಯವರು ಕಸುಬು ಬಿಟ್ಟರು. ಗಂಗಾಮಣಿ ಬಿಡಲಿಲ್ಲ. ಮೂವತ್ತೊಂದನೇ ವಯಸ್ಸಿನಲ್ಲಿ ದಿನವೂ ಹಾಸನಕ್ಕೆ ಹೋಗಿ, ತನಗಿಂತ ಎಂಟು ವರ್ಷ ಚಿಕ್ಕವಳಾದ ಸುಚಿತ್ರಾ ಎಂಬ ಶಿಕ್ಷಕಿಯ ಕೈಕೆಳಗೆ ಆರು ತಿಂಗಳು ಕಂಪ್ಯೂಟರ್ ಕಲಿತಳು. ಎರಡು ಸಾವಿರದ ಐದರಲ್ಲಿ ಮೂರು ಮಿಷನ್ ಹಾಕಿ ಅಂಗಡಿ ತೆರೆದಳು.

ಆ ಕಾಲದಲ್ಲಿ ಇಂಟರ್‌ನೆಟ್ ಎಂದರೆ ಕೂತ ಕೂಡಲೇ ಕಣ್ಣಿಗೆ ಬೀಳುವ ವಸ್ತುವಲ್ಲ. ಒಂದು ಪುಟ ಒಂದು ಬ್ರೌಸರಿನಲ್ಲಿ ತೆರೆದರೆ ಇನ್ನೊಂದರಲ್ಲಿ ಬಿಳಿಯಾಗಿ ನಿಲ್ಲುತ್ತಿತ್ತು. ನೀಲಿ ಇ ಅಕ್ಷರದ ಬ್ರೌಸರಿನಲ್ಲಿ ಕಾಣುವ ಗುಂಡಿ ನರಿ ಚಿತ್ರದ ಬ್ರೌಸರಿನಲ್ಲಿ ಇರುತ್ತಲೇ ಇರಲಿಲ್ಲ. ಕನ್ನಡದ ಪುಟವಂತೂ ಸರಿಯಾದ ಫಾಂಟ್ ಇಲ್ಲದಿದ್ದರೆ ಹುಳು ಹುಪ್ಪಟೆ ಹರಿದಾಡಿದಂತೆ ಕಾಣುತ್ತಿತ್ತು. ಇದರ ಮೇಲೆ ಪ್ಲಗಿನ್ ಎಂಬುದೊಂದು. ಬ್ರೌಸರಿಗೆ ಹೊರಗಿನಿಂದ ತಂದು ಜೋಡಿಸಬೇಕಾದ ಸಣ್ಣ ತಂತ್ರಾಂಶ ಅದು, ಅದಿಲ್ಲದಿದ್ದರೆ ಕೆಲವು ಪುಟಗಳ ಚಿತ್ರ ಬರುತ್ತಿರಲಿಲ್ಲ, ಕೆಲವು ಅರ್ಜಿಗಳು ಮುಂದಕ್ಕೆ ಹೋಗುತ್ತಿರಲಿಲ್ಲ.

ಇವೆಲ್ಲವನ್ನೂ ಗಂಗಾಮಣಿ ಕೈಯ ರೂಢಿಯಿಂದಲೇ ಪಳಗಿಸಿಕೊಂಡಿದ್ದಳು. ಹಾಸನದಲ್ಲಿ ತೆರೆಯದ ಪುಟ ಆಲೂರಿನ ಗಂಗಕ್ಕನ ಹತ್ತಿರ ತೆರೆಯುತ್ತದೆ ಎಂದು ಮಾತಿತ್ತು. ಪಾಳ್ಯದ ಮೇಷ್ಟರು, ಎಸ್ಟೇಟಿನ ಲೆಕ್ಕ ಬರೆಯುವ ರೈಟರುಗಳು, ನರ್ಸಿಂಗ್ ಅರ್ಜಿ ಹಾಕುವ ಹೆಣ್ಣುಮಕ್ಕಳು ಹುಡುಕಿಕೊಂಡು ಬರುತ್ತಿದ್ದರು. ಆಗೋದಿಲ್ಲ ಎನ್ನುವ ಮಾತು ಅವಳ ಬಾಯಲ್ಲಿ ಬಂದದ್ದನ್ನು ಯಾರೂ ಕೇಳಿರಲಿಲ್ಲ. ಆದರೆ ಅವಳಿಗೊಂದು ಅಭ್ಯಾಸವಿತ್ತು. ತೆರೆಯ ಮಧ್ಯೆ ಅಡ್ಡ ಬಂದು ನಿಲ್ಲುವ ಎಚ್ಚರಿಕೆಯ ಬಾಕ್ಸುಗಳನ್ನು ಅವಳು ಓದುತ್ತಿರಲಿಲ್ಲ. ಅವುಗಳ ಇಂಗ್ಲಿಷ್ ಅರ್ಧ ಅರ್ಥವಾಗುತ್ತಿತ್ತು, ಅರ್ಧ ಆಗುತ್ತಿರಲಿಲ್ಲ. ನೊಣ ಹೊಡೆದಂತೆ ಓಕೆ ಒತ್ತಿ ಮುಚ್ಚಿ, ಇನ್ನೊಂದು ದಾರಿ ಹಿಡಿಯುತ್ತಿದ್ದಳು. ಹತ್ತರಲ್ಲಿ ಒಂಬತ್ತು ಸಲ ಆ ಇನ್ನೊಂದು ದಾರಿ ಸಿಕ್ಕಿಬಿಡುತ್ತಿತ್ತು.

ಎರಡು ಸಾವಿರದ ಎಂಟರ ಫೆಬ್ರವರಿ ಕೊನೆಯ ಸೋಮವಾರ ರಾಮಮ್ಮ ಅವಳ ಅಂಗಡಿಗೆ ಬಂದಳು.

ರಾಮಮ್ಮನಿಗೆ ಐವತ್ತು ದಾಟಿತ್ತು. ಪಾಳ್ಯ ಹೋಬಳಿಯ ಹಳ್ಳಿಯೊಂದರಲ್ಲಿ ಸ್ವಲ್ಪ ಗದ್ದೆ, ಉಳಿದ ದಿನ ತೋಟದ ಕೂಲಿ. ಅವಳ ಒಡಹುಟ್ಟಿದವನು ಒಬ್ಬನೇ. ಹೆಸರು ಅಣ್ಣಯ್ಯನಾದರೂ ಅವಳಿಗೆ ಅವನು ತಮ್ಮ, ಹದಿನಾಲ್ಕು ವರ್ಷ ಚಿಕ್ಕವನು. ತಾಯಿ ತೀರಿಕೊಂಡಾಗ ಇನ್ನೂ ಅಂಬೆಗಾಲಿಡುತ್ತಿದ್ದ ಅವನನ್ನು ಇವಳೇ ಸಾಕಿದ್ದಳು. ಅವನು ಮೆಣಸು ಕೊಯ್ಯುವುದರಲ್ಲಿ ಕೈ ಚುರುಕಾದ ಆಳು. ಎರಡು ವರ್ಷದ ಹಿಂದೆ ಮೆಣಸಿನ ಬಳ್ಳಿ ಹಬ್ಬಿದ್ದ ಸಿಲ್ವರ್ ಮರಕ್ಕೆ ಒರಗಿಸಿದ್ದ ಏಣಿ ಜಾರಿ ತಲೆಕೆಳಗಾಗಿ ಬಿದ್ದ. ಜೀವ ಉಳಿಯಿತು. ಆದರೆ ಅಲ್ಲಿಂದಾಚೆಗೆ ಮರೆವು, ಆಗಾಗ ಫಿಟ್ಸು. ಮಾತಾಡುತ್ತಾ ಕೂತವನು ಎದ್ದು ಎತ್ತಲೋ ನಡೆದುಬಿಡುತ್ತಿದ್ದ. ಫೆಬ್ರವರಿ ಮೊದಲ ವಾರ ಕ್ಷೌರ ಮಾಡಿಸಿಕೊಂಡು ಬರುತ್ತೇನೆಂದು ನೀಲಿ ಚೌಕಳಿ ಅಂಗಿ ತೊಟ್ಟು ಹೊರಟವನು ಮನೆಗೆ ಬರಲಿಲ್ಲ. ಪೊಲೀಸರಿಗೆ ದೂರು ಕೊಟ್ಟದ್ದಾಯಿತು, ಹಾಸನ, ಸಕಲೇಶಪುರ, ನೆಂಟರ ಊರು ಎಲ್ಲ ಹುಡುಕಿದ್ದಾಯಿತು.

ರಾಮಮ್ಮನನ್ನು ಗಂಗಾಮಣಿಯ ಹತ್ತಿರ ಕಳಿಸಿದವನು, ಅವಳು ಬಸ್ ನಿಲ್ದಾಣದಲ್ಲಿ ತಮ್ಮನನ್ನು ವಿಚಾರಿಸುತ್ತಿದ್ದುದನ್ನು ಕಂಡಿದ್ದ ಬಸವರಾಜು. ಅವನ ಬಸ್ಸು ಘಟ್ಟ ಇಳಿದು ಕರಾವಳಿಗೆ ಹೋಗುತ್ತಿತ್ತು. ಅಲ್ಲಿಯ ಬಸ್ ನಿಲ್ದಾಣದ ಕಂಬಕ್ಕೆ ಅಂಟಿಸಿದ್ದ ಒಂದು ಕಾಗದ ಅವನ ಕಣ್ಣಿಗೆ ಬಿದ್ದಿತ್ತು. ವಾರಸುದಾರರಿಲ್ಲದ ಶವಗಳಿಗೆ ಸಂಸ್ಕಾರ ಮಾಡುವ ಸೇವಾ ಸಂಸ್ಥೆಯೊಂದು, ಗುರುತು ಸಿಗದವರ ಫೋಟೋಗಳನ್ನು ತನ್ನ ವೆಬ್‌ಸೈಟಿನಲ್ಲಿ ಹಾಕಿರುವುದಾಗಿ ಅದರಲ್ಲಿ ಬರೆದಿತ್ತು. ಅವನು ವಿಳಾಸವನ್ನು ಟಿಕೆಟ್ಟಿನ ಹಿಂದೆ ಬರೆದುಕೊಂಡು ಬಂದು ಹೆಂಡತಿಗೆ ಕೊಟ್ಟ.

"ಗಂಗವ್ವ, ಇದ್ರಾಗೆ ನೋಡಿದ್ರೆ ನಮ್ ಅಣ್ಣಯ್ಯ ಅಲ್ಲಿ ಅವ್ನೋ ಇಲ್ವೋ ಗೊತ್ತಾಯ್ತದಂತಲ್ಲ?" ಎಂದಳು ರಾಮಮ್ಮ. ಬಾಗಿಲ ಹೊರಗೇ ಚಪ್ಪಲಿ ಬಿಟ್ಟು, ಕಂಪ್ಯೂಟರಿಗೆ ದೂರವಾಗಿ ಸೆರಗು ಬಿಗಿಹಿಡಿದು ನಿಂತಿದ್ದಳು.

"ಕೂತ್ಕೋ ರಾಮಕ್ಕ. ನೋಡನ. ಅವ್ನು ಅಲ್ಲಿ ಇರ್ದೇ ಇರ್ಲಿ ಅಂತ್ಲೇ ನೋಡನ."

ಪುಟ ತೆರೆಯಿತು. ಮೇಲಿನ ಕನ್ನಡವೆಲ್ಲ ಹುಳು ಹರಿದಂತಿತ್ತು. ಕೆಳಗೆ ಅಂಕಿಗಳ ಸಾಲು, ಒಂದರಿಂದ ಮೂವತ್ತೊಂದರವರೆಗೆ. ಪಕ್ಕದಲ್ಲಿ ಫೋಟೋ ಇರಬೇಕಾದ ಕಡೆ ಬೂದು ಬಣ್ಣದ ಚೌಕ. ಸತ್ತವರ ಮುಖ ದಾರಿಹೋಕರ ಕಣ್ಣಿಗೆ ಬೀಳದಿರಲಿ ಎಂದು ಸಂಸ್ಥೆಯವರು ಫೋಟೋಗಳನ್ನು ಒಂದು ಪ್ಲಗಿನ್ನಿನ ಒಳಗಿಟ್ಟಿದ್ದರು. ಬ್ರೌಸರಿನ ನೆತ್ತಿಯಲ್ಲಿ ಹಳದಿ ಪಟ್ಟಿಯೊಂದು ಬಂತು. ಗಂಗಾಮಣಿ ಅದನ್ನು ಒತ್ತಿ ಅನುಮತಿ ಕೊಟ್ಟಳು. ಒಂದು ಬಾಕ್ಸು ಎದ್ದಿತು. ಓಕೆ ಒತ್ತಿದಳು. ಬೂದು ಚೌಕ ಹಾಗೇ ಉಳಿಯಿತು. ನರಿ ಬ್ರೌಸರಿನಲ್ಲಿ ನೋಡಿದಳು. ಪ್ಲಗಿನ್ ಇಲ್ಲ ಎಂದು ಅದು ಮೊದಲೇ ಕೈ ತೊಳೆದುಕೊಂಡಿತು.

ಪುಟದ ಮೇಲೆ ಫೋನ್ ನಂಬರ್ ಇತ್ತು. ಗಂಗಾಮಣಿ ಫೋನು ಮಾಡಿದಳು. ಅತ್ತಲಿಂದ ಗುಮಾಸ್ತನ ದನಿ ಮೆತ್ತಗೆ ಕೇಳಿಸಿತು. "ನಲವತ್ತರ ಆಸುಪಾಸಿನವರು ಏಳು ಜನ ಇದ್ದಾರೆ ಮೇಡಂ. ಬರೇ ಬಾಯಲ್ಲಿ ಹೇಳಿದ್ರೆ ನಮಗೆ ಗೊತ್ತಾಗುದಿಲ್ಲ. ಫೋಟೋ ನೋಡಿ ನಂಬರ್ ಹೇಳಿ. ಇಲ್ಲಾಂದ್ರೆ ನೀವೇ ಒಮ್ಮೆ ಬಂದು ನೋಡಿ."

ರಾಮಮ್ಮ ಮಾತೆಲ್ಲ ಕೇಳಿಸಿಕೊಂಡಿದ್ದಳು. "ಹಂಗಾರೆ ನಾನ್ ನಾಳೀಕೇ ಬಸ್ ಹತ್ಲಾ?"

ಗಂಗಾಮಣಿ ಅವಳನ್ನೇ ನೋಡಿದಳು. ಶವಾಗಾರದ ಬಾಗಿಲಲ್ಲಿ ನಿಂತು, ಒಂದೊಂದೇ ಬಟ್ಟೆ ಎತ್ತಿಸಿ, ಬೇರೆ ಆರು ಜನರ ಮುಖ ನೋಡಬೇಕಾದ ಈ ಹೆಂಗಸನ್ನು ನೆನೆದು ಅವಳ ಮನಸ್ಸು ಹಿಂದೇಟು ಹಾಕಿತು. ಅದರ ಜೊತೆ ಇನ್ನೊಂದೂ ಇತ್ತು, ಅದನ್ನು ಆಮೇಲೆ ಅವಳೇ ತನಗೆ ತಾನು ಒಪ್ಪಿಕೊಂಡಳು. ತನ್ನ ಅಂಗಡಿಯಲ್ಲಿ ಒಂದು ಪುಟ ತೆರೆಯಲಿಲ್ಲ ಎಂದು ಒಬ್ಬರು ಎದ್ದು ಹೋಗುವುದು ಅವಳಿಗೆ ಬೇಡವಾಗಿತ್ತು.

"ಬ್ಯಾಡ ಕಣಕ್ಕ. ಅಷ್ಟು ದೂರ ಹೋಗಿ ಆ ಹೆಣಗಳ ಮಧ್ಯೆ ನಿಂತ್ಕೋತೀಯಾ? ಎರಡು ದಿನ ತಡಿ. ನಾನು ಇಲ್ಲೇ ತೆಗ್ದು ತೋರಿಸ್ತೀನಿ."

"ನೀನು ಅಂದ್ರೆ ಆಯ್ತು ಬುಡು," ಎಂದು ರಾಮಮ್ಮ ಎದ್ದಳು. ಅವಳ ಮುಖದಲ್ಲಿ ಅಲ್ಲಿಗೆ ಹೋಗುವುದು ತಪ್ಪಿದ ಸಮಾಧಾನವೂ ಇತ್ತು.

ಮಂಗಳವಾರ ಗಂಗಾಮಣಿ ಪ್ಲಗಿನ್ ಹುಡುಕಿದಳು. ಪುಟದಲ್ಲಿ ಕೊಟ್ಟಿದ್ದ ಕೊಂಡಿ ಒತ್ತಿದರೆ ಅಂಥ ಪುಟವೇ ಇಲ್ಲ ಎಂದು ಬಂತು. ಬೇರೆಲ್ಲೋ ಹೊಸ ಆವೃತ್ತಿ ಸಿಕ್ಕಿತು. ಅದನ್ನು ಹಾಕಿದರೆ ಆ ಪುಟಕ್ಕೆ ಹಳೆಯದೇ ಬೇಕಿತ್ತು. ಬುಧವಾರ ಹಳೆಯ ಮಿಷನ್ನಿನಲ್ಲಿ, ಹಳೆಯ ಬ್ರೌಸರಿನಲ್ಲಿ ಪ್ರಯತ್ನಿಸಿದಳು. ಮುಕ್ಕಾಲು ಪಾಲು ಇಳಿದ ಮೇಲೆ ಟೆಲಿಫೋನ್ ಲೈನು ಕಡಿದುಹೋಯಿತು. ಮತ್ತೆ ಮೊದಲಿಂದ. ಗುರುವಾರ ಪೂರ್ತಿ ಇಳಿಯಿತು. ಅದೇ ಬಾಕ್ಸು ಬಂತು, ಅದೇ ಓಕೆ, ಅದೇ ಬೂದು ಚೌಕ. ಶುಕ್ರವಾರ ಬ್ರೌಸರಿನ ಭದ್ರತೆಯ ಮಟ್ಟವನ್ನೆಲ್ಲ ತಗ್ಗಿಸಿ, ಎಲ್ಲಕ್ಕೂ ಬಾಗಿಲು ತೆರೆದಿಟ್ಟಳು. ಎಲ್ಲಿಂದಲೋ ವೈರಸ್ ನುಗ್ಗಿ ಮಿಷನ್ ಕೂತುಬಿಟ್ಟಿತು. ಅದನ್ನು ಅಳಿಸಿ ಹೊಸದಾಗಿ ಎಲ್ಲ ಹಾಕುವಷ್ಟರಲ್ಲಿ ಶನಿವಾರ, ಭಾನುವಾರ ಕಳೆದವು. ಈ ನಡುವೆ ಬೇರೆ ಗಿರಾಕಿಗಳೂ ಬರುತ್ತಿದ್ದರು, ಅವರ ಕೆಲಸವೂ ಆಗಬೇಕಿತ್ತು. ಸುಚಿತ್ರಾ ಮೇಡಂಗೆ ಫೋನು ಮಾಡಬೇಕೆಂದು ಎರಡು ಸಲ ಕೈ ಹೋಯಿತು. ಇಷ್ಟು ವರ್ಷದಲ್ಲಿ ಒಮ್ಮೆಯೂ ಕೇಳಿದವಳಲ್ಲ. ಕೈ ಹಿಂದಕ್ಕೆ ಬಂತು.

ಮತ್ತೊಂದು ಸೋಮವಾರ ರಾಮಮ್ಮ ಬಂದಳು. ಮಧ್ಯಾಹ್ನದಿಂದ ಸಂಜೆಯ ಬಸ್ಸಿನವರೆಗೂ ಕುರ್ಚಿಯ ತುದಿಯಲ್ಲಿ ಕೂತು ತೆರೆಯನ್ನೇ ನೋಡುತ್ತಿದ್ದಳು.

"ಅದೇನವ್ವ, ಬೂದಿ ಬಣ್ಣದ್ದು?"

"ಫೋಟೋ ಬರೋ ಜಾಗ ಅಕ್ಕ."

"ಅದ್ರ ಹಿಂದ್ಗಡೆ ಅವ್ನಾ?"

ಗಂಗಾಮಣಿ ಪುಟವನ್ನು ಕೆಳಕ್ಕೆ ಸರಿಸಿದಳು. "ಅವ್ನು ಇರಾಕಿಲ್ಲ ಬುಡು. ಯಾರೋ ಬೇರೇರು ಇರ್ತಾರೆ," ಎಂದಳು.

"ಒಂದು ಕಿತ ಹೋಗ್ಬಂದ್ರೆ ಹೆಂಗೆ? ನಿಮ್ ಯಜಮಾನ್ರ ಬಸ್ಸೇ ಐತಲ್ಲ."

"ಇನ್ನೇನು ಬಂದೇ ಬರ್ತದೆ ಕಣಕ್ಕ. ಪ್ಲಗಿನ್ ಇಳ್ದೈತೆ, ಅದು ಕೂತ್ಕೋತಾ ಇಲ್ಲ ಅಷ್ಟೆ. ಈ ವಾರ ಖಂಡಿತ."

ಎರಡನೇ ಸಲವೂ ಅವಳು ಬೇಡ ಎಂದಳು.

ಬುಧವಾರ ಗಂಗಾಮಣಿಗೆ ಒಂದು ಬುದ್ಧಿ ಹೊಳೆಯಿತು. ಮೇಲಿನ ಹುಳು ಹರಿದಂಥ ಅಕ್ಷರಗಳನ್ನೇ ದಿಟ್ಟಿಸಿ ನೋಡುತ್ತಾ, ಇದು ಯಾವ ಫಾಂಟಿನ ಕೀಲಿಗಳು ಎಂದು ಬೆರಳಿನ ಲೆಕ್ಕದಲ್ಲಿ ಊಹಿಸಿದಳು. ಸಾವಿರಾರು ಪುಟ ಕನ್ನಡ ಟೈಪು ಮಾಡಿದವಳಿಗೆ ಅದು ಕಷ್ಟವಾಗಲಿಲ್ಲ. ಆ ಹಳೆಯ ಫಾಂಟನ್ನು ಹುಡುಕಿ ಹಾಕಿದ ಕೂಡಲೇ ಪುಟ ಕನ್ನಡವಾಗಿ ಬದಲಾಯಿತು. ಅವಳಿಗೆ ಎಷ್ಟು ಖುಷಿಯಾಯಿತೆಂದರೆ ಒಬ್ಬಳೇ ಕೂತು ಚಪ್ಪಾಳೆ ತಟ್ಟಿದಳು. ಆಮೇಲೆ ಓದಿದಳು.

ಶವಗಳನ್ನು ಸಿಕ್ಕ ದಿನದಿಂದ ಹದಿನೈದು ದಿನ ಮಾತ್ರ ಶೈತ್ಯಾಗಾರದಲ್ಲಿ ಇಡಲಾಗುವುದು, ಅನಂತರ ಸಂಸ್ಥೆಯೇ ಅಂತ್ಯಸಂಸ್ಕಾರ ನೆರವೇರಿಸುವುದು ಎಂದು ಬರೆದಿತ್ತು. ಕೆಳಗಿನ ಸಾಲುಗಳೂ ಈಗ ಓದಲು ಬರುತ್ತಿದ್ದವು. ನಲವತ್ತರ ಆಸುಪಾಸಿನ ಏಳು ಗಂಡಸರಲ್ಲಿ ಐವರು ಸಿಕ್ಕಿದ್ದು ಜನವರಿಯಲ್ಲಿ, ಅಣ್ಣಯ್ಯ ಮನೆ ಬಿಡುವ ಮುಂಚೆ. ಒಬ್ಬನಿಗೆ ಒಂದು ಕೈ ಇರಲಿಲ್ಲ. ಉಳಿದದ್ದು ಹದಿನಾಲ್ಕನೇ ನಂಬರ್. ವಯಸ್ಸು ಸುಮಾರು ನಲವತ್ತು, ಗೋಧಿ ಮೈಬಣ್ಣ, ನೀಲಿ ಚೌಕಳಿ ಅಂಗಿ, ಫೆಬ್ರವರಿ ಇಪ್ಪತ್ತರಂದು ಬಂದರಿನ ರಸ್ತೆಯಲ್ಲಿ ಸಿಕ್ಕಿದ್ದು. ಅವಳು ಬೆರಳು ಮಡಿಸಿ ಎಣಿಸಿದಳು. ಹದಿನೈದು ದಿನ ಮುಗಿಯುವುದು ನಾಳೆ ಅಥವಾ ನಾಡಿದ್ದು.

ರಾಮಮ್ಮನ ಊರಿನಲ್ಲಿ ಗುಂಡಯ್ಯನ ಅಂಗಡಿಗೆ ಫೋನಿತ್ತು. ನಂಬರ್ ಗಂಗಾಮಣಿಯ ಹತ್ತಿರವೇ ಇತ್ತು. ರಿಸೀವರ್ ಎತ್ತಿದಳು. ಏನೆಂದು ಹೇಳುವುದು? ಅವನೋ ಅಲ್ಲವೋ ಗೊತ್ತಿಲ್ಲ, ಓಡು ಎನ್ನುವುದೇ? ನೀಲಿ ಚೌಕಳಿ ಅಂಗಿ ನಾಡಿನಲ್ಲಿ ಎಷ್ಟು ಜನಕ್ಕಿಲ್ಲ? ನಾಳೆ ಬೆಳಿಗ್ಗೆ ಹೇಗೂ ಫೋಟೋ ತೆಗೆದುಬಿಡುತ್ತೇನೆ, ನೋಡಿಯೇ ಹೇಳಿದರಾಯಿತು, ಸುಮ್ಮನೆ ಆ ಹೆಂಗಸಿನ ಎದೆ ಒಡೆಯುವುದು ಯಾಕೆ ಎಂದುಕೊಂಡಳು. ರಿಸೀವರ್ ಇಟ್ಟಳು. ಸಂಸ್ಥೆಗೆ ಮಾಡಿದ ಫೋನು ಎತ್ತುವವರಿಲ್ಲದೆ ಬಡಿದುಕೊಂಡಿತು.

ಗುರುವಾರ ಶಿವರಾತ್ರಿ. ಊರೆಲ್ಲ ಉಪವಾಸ, ಪೂಜೆ. ಗಂಗಾಮಣಿ ಮಾತ್ರ ಬೆಳಿಗ್ಗೆಯೇ ಅಂಗಡಿಯ ಬಾಗಿಲು ತೆಗೆದು ಕೂತಳು. ಹನ್ನೊಂದಕ್ಕೆ ಹೋದ ಕರೆಂಟು ಸಂಜೆಯಾದರೂ ಬರಲಿಲ್ಲ. ಕತ್ತಲಾದ ತೆರೆಯ ಮುಂದೆ ಆರು ಗಂಟೆ ಕೂತಿದ್ದಳು. ಅಂದು ಗುಂಡಯ್ಯನ ಅಂಗಡಿ ಮುಚ್ಚಿತ್ತೋ ತೆರೆದಿತ್ತೋ, ಅವಳು ವಿಚಾರಿಸಲೂ ಇಲ್ಲ. ಶುಕ್ರವಾರ ಮತ್ತೆ ಮಿಷನ್ ಹಚ್ಚಿದಳು, ಮತ್ತೆ ಅದೇ ಬಾಕ್ಸು, ಮತ್ತೆ ಓಕೆ.

ಶನಿವಾರ ಬೆಳಿಗ್ಗೆ ಅವಳು ಸುಚಿತ್ರಾಳಿಗೆ ಫೋನು ಮಾಡಿದಳು.

"ಗಂಗಕ್ಕ! ಎಷ್ಟು ವರ್ಷ ಆಯ್ತು!" ಎಂದಳು ಸುಚಿತ್ರಾ. ವಿಷಯ ಕೇಳಿದ ಮೇಲೆ ದನಿ ಗಂಭೀರವಾಯಿತು. "ಬಾಕ್ಸ್ ಬರುತ್ತೆ ಅಂದ್ರಲ್ಲ, ಅದರಲ್ಲಿ ಏನಿದೆ?"

"ಅದೇ ಮೇಡಂ, ಎರರ್ರು."

"ಏನು ಎರರ್ರು? ಪೂರ್ತಿ ಓದಿ."

"ನಾನು ಓದ್ಲಿಲ್ಲ, ಮುಚ್ಚಿಬಿಟ್ಟೆ."

"ಮತ್ತೆ ತೆಗೀರಿ. ಒತ್ತಬೇಡಿ. ಒಂದೊಂದೇ ಪದ ಓದಿ ಹೇಳಿ."

ಗಂಗಾಮಣಿ ಕನ್ನಡಕ ಹಾಕಿಕೊಂಡು, ಶಾಲೆಯ ಮಗುವಿನಂತೆ ಒಂದೊಂದೇ ಪದ ಕೂಡಿಸಿ ಓದಿದಳು. ಮೂರನೇ ಸಾಲಿನಲ್ಲಿ ಒಂದು ತಾರೀಖಿತ್ತು. ಹಿಂದಿನ ವರ್ಷದ ಡಿಸೆಂಬರ್ ಮೂವತ್ತೊಂದು.

"ಅಷ್ಟೇ," ಎಂದಳು ಸುಚಿತ್ರಾ. "ಆ ಪ್ಲಗಿನ್ನನ್ನ ನಂಬಬಹುದು ಅನ್ನೋ ಸಹಿಯ ಅವಧಿ ಡಿಸೆಂಬರಿಗೆ ಮುಗಿದಿದೆ. ಅದಕ್ಕೇ ಬ್ರೌಸರ್ ಒಳಗೆ ಬಿಡ್ತಿಲ್ಲ. ನಿಮ್ಮ ಕಂಪ್ಯೂಟರಿನ ಗಡಿಯಾರ ಇದೆಯಲ್ಲ, ಅದನ್ನ ಹಿಂದಿನ ವರ್ಷಕ್ಕೆ ತಿರುಗಿಸಿ. ನವೆಂಬರ್ ಅಂತ ಇಡಿ. ಬರುತ್ತೆ."

ತಾರೀಖು ಬದಲಾಯಿಸಲು ಅರ್ಧ ನಿಮಿಷ ಸಾಕಾಯಿತು. ಬೂದು ಚೌಕ ಅಲುಗಿತು. ಫೋಟೋ ಮೇಲಿನಿಂದ ಕೆಳಕ್ಕೆ, ಪಟ್ಟಿ ಪಟ್ಟಿಯಾಗಿ ಇಳಿಯತೊಡಗಿತು. ಮೊದಲು ಕೂದಲು, ಆಮೇಲೆ ಹಣೆ, ಮುಚ್ಚಿದ ಕಣ್ಣು. ಹನ್ನೆರಡು ದಿನದಿಂದ ದಿನಕ್ಕೆ ಹತ್ತು ಸಲ ಆ ಬಾಕ್ಸು ತನ್ನ ಕಣ್ಣೆದುರಿಗೆ ಬಂದು ನಿಂತು ಅದೇ ಮಾತು ಹೇಳುತ್ತಿತ್ತು, ಹತ್ತೂ ಸಲ ತಾನೇ ಅದರ ಬಾಯಿ ಮುಚ್ಚಿದ್ದೆ ಎಂಬುದು ಅವಳಿಗೆ ಆಗ ಅರ್ಥವಾಯಿತು.

ಗುಂಡಯ್ಯನ ಅಂಗಡಿಗೆ ಫೋನು ಹೋಯಿತು. ಮಧ್ಯಾಹ್ನದ ಬಸ್ಸಿಗೆ ರಾಮಮ್ಮ ಒಬ್ಬಳೇ ಬಂದಳು. ಗಂಗಾಮಣಿ ಅಂಗಡಿಯಲ್ಲಿದ್ದವರನ್ನೆಲ್ಲ ಕಳಿಸಿ, ಬಾಗಿಲು ಓರೆ ಮಾಡಿ, ಅವಳನ್ನು ತೆರೆಯ ಮುಂದೆ ಕೂರಿಸಿದಳು. ರಾಮಮ್ಮ ಮುಖವನ್ನು ನೋಡುವ ಮೊದಲು ಕೊರಳನ್ನು ನೋಡಿದಳು.

"ಕಾಲರು," ಎಂದಳು.

ನೀಲಿ ಅಂಗಿಯ ಕಾಲರಿನ ಅಂಚಿಗೆ ಬಿಳಿ ನೂಲಿನ ದಪ್ಪ ಹೊಲಿಗೆಯಿತ್ತು.

"ನೀಲಿ ದಾರ ಇರ್ಲಿಲ್ಲ ಕಣವ್ವ ಅವತ್ತು. ಬಿಳೀದ್ರಾಗೇ ಹಾಕಿಕೊಟ್ಟೆ. ಇದೇನಕ್ಕ, ಪಟ್ಟೆ ಹುಲಿ ಮಾಡ್ಬುಟ್ಟೆ ಅಂತ ನಕ್ಕಿದ್ದ." ಅವಳು ಬೆರಳು ಚಾಚಿ ಗಾಜಿನ ಮೇಲೆ ಕಾಲರಿರುವ ಕಡೆ ಮುಟ್ಟಿದಳು. ಅಳಲಿಲ್ಲ. ಕೈ ತೆಗೆದು, "ಈಗ ಹೋಗನಾ?" ಎಂದಳು.

ಆ ಸಂಜೆ ಸಂಸ್ಥೆಗೆ ಮಾಡಿದ ಫೋನನ್ನು ಯಾರೂ ಎತ್ತಲಿಲ್ಲ. ಮಾರನೆಯ ದಿನ ಇಬ್ಬರೂ ಬಸವರಾಜುವಿನ ಬಸ್ಸಿನಲ್ಲಿ ಹೊರಟರು. ಬಸ್ಸು ಸಕಲೇಶಪುರ ದಾಟಿ ಘಟ್ಟ ಇಳಿಯಿತು. ರಾಮಮ್ಮ ಮಡಿಲಲ್ಲಿ ಒಂದು ಹೊಸ ಪಂಚೆ ಇಟ್ಟುಕೊಂಡಿದ್ದಳು. ಹೊದಿಸಿ ಕರೆತರಲು ಎಂದು ತಂದಿದ್ದಳು. ಹದಿನೈದು ದಿನದ ಮಾತು ಅವಳಿಗೆ ಗೊತ್ತಿರಲಿಲ್ಲ. ಗಂಗಾಮಣಿ ಹೇಳಿರಲಿಲ್ಲ. ಒಂದೆರಡು ದಿನ ಹೆಚ್ಚು ಇಟ್ಟುಕೊಂಡಿರಬಹುದು ಎಂಬ ಆಸೆಯನ್ನು ಹಿಡಿದುಕೊಂಡು ಕೂತಿದ್ದಳು.

ಗುಮಾಸ್ತ ವಯಸ್ಸಾದವನು, ಒಳ್ಳೆಯವನು. ಇಬ್ಬರಿಗೂ ಕುರ್ಚಿ ಕೊಟ್ಟು ನೀರು ತರಿಸಿದ. ದಪ್ಪ ಪುಸ್ತಕ ತೆರೆದು ಬೆರಳಿಟ್ಟು ನೋಡಿದ. "ಹದಿನಾಲ್ಕು. ಮೊನ್ನೆ ಶುಕ್ರವಾರ ಬೆಳಿಗ್ಗೆ ಮಣ್ಣು ಮಾಡಿ ಆಯ್ತಲ್ಲ ಅಮ್ಮ. ಗುರುವಾರದ ತನಕ ಇಟ್ಟಿದ್ದೆವು. ಹಬ್ಬ ಅಂತ ಒಂದು ದಿನ ಜಾಸ್ತಿಯೇ ಇಟ್ಟದ್ದು."

ಅಣ್ಣಯ್ಯ ಸತ್ತದ್ದು ಹೇಗೆಂದು ಅವನೇ ಹೇಳಿದ. ಸುಮಾರು ಎರಡು ವಾರ ಬಂದರಿನ ರಸ್ತೆಯಲ್ಲೇ ಇದ್ದನಂತೆ. ಚಹಾದಂಗಡಿಯವರು ತಿನ್ನಲು ಕೊಡುತ್ತಿದ್ದರಂತೆ. ಊರು ಯಾವುದು ಎಂದು ಕೇಳಿದರೆ ಅಕ್ಕನ ಮನೆ ಎನ್ನುತ್ತಿದ್ದನಂತೆ, ಅಷ್ಟೇ. ಒಂದು ಬೆಳಿಗ್ಗೆ ಫಿಟ್ಸು ಬಂದು ಚರಂಡಿಯ ಪಕ್ಕ ಬಿದ್ದವನು ಏಳಲಿಲ್ಲ.

ಸ್ಮಶಾನ ಊರಿನ ಹೊರಗಿತ್ತು. ಕೆಂಪು ಮಣ್ಣಿನ ಸಾಲು ಗುಡ್ಡೆಗಳು, ಒಂದೊಂದಕ್ಕೂ ಒಂದು ಕೆಂಪು ಕಲ್ಲು, ಕಲ್ಲಿನ ಮೇಲೆ ಸುಣ್ಣದಲ್ಲಿ ಅಂಕಿ. ಹದಿನಾಲ್ಕರ ಮಣ್ಣು ಇನ್ನೂ ಹಸಿಯಾಗಿತ್ತು. ರಾಮಮ್ಮ ಪಂಚೆಯನ್ನು ಬಿಡಿಸಿ ಗುಡ್ಡೆಯ ಮೇಲೆ ಉದ್ದಕ್ಕೆ ಹಾಸಿದಳು. ಗಾಳಿಗೆ ಹಾರದಂತೆ ನಾಲ್ಕು ಮೂಲೆಗೂ ಕಲ್ಲು ಇಟ್ಟಳು.

ಗಂಗಾಮಣಿಗೆ ಇನ್ನು ತಡೆಯಲಾಗಲಿಲ್ಲ. "ರಾಮಕ್ಕ, ಹದಿನೈದೇ ದಿನ ಇಡ್ತಾರೆ ಅಂತ ನಂಗೆ ಗೊತ್ತಿತ್ತು."

ರಾಮಮ್ಮ ತಲೆಯೆತ್ತಿದಳು. "ಯಾವಾಗ?"

"ಬುಧವಾರ ಓದ್ದೆ. ಫೋಟೋ ಕಂಡ ಮೇಲೆ ಹೇಳನ ಅಂತ ಸುಮ್ನಾದೆ. ಮೊದ್ಲ ದಿನಾನೂ ನಾನೇ ಬ್ಯಾಡ ಅಂದೆ. ನಾನೇ ತಪ್ಪು ಮಾಡ್ಬುಟ್ಟೆ ಅಕ್ಕ."

ರಾಮಮ್ಮ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು ಎಂದು ಗಂಗಾಮಣಿ ಆಮೇಲೆ ಗಂಡನ ಹತ್ತಿರ ಹೇಳಿಕೊಂಡಳು. ಗುಡ್ಡೆಯ ಪಕ್ಕ ಕೂತಲ್ಲಿಂದಲೇ ಆ ಹೆಂಗಸು ಹೇಳಿದ್ದು ಒಂದೇ ಮಾತು. "ಜೀವ ಅಂತೂ ಹೋಗಿತ್ತು. ಮಣ್ಣಾದ್ರೂ ನಾನ್ ಹಾಕ್ತಿದ್ದೆ."

ಹಿಂದಿರುಗುವಾಗ ಅವಳು ಬೇರೆ ಸೀಟಿನಲ್ಲಿ ಕೂತಳು. ಆಲೂರಿನಲ್ಲಿ ಇಳಿದು, ತಿರುಗಿ ನೋಡದೆ ಪಾಳ್ಯದ ಬಸ್ಸು ಹತ್ತಿದಳು.

ಗಂಗಾಮಣಿ ಮೂರು ವಾರ ಅಂಗಡಿ ತೆರೆಯಲಿಲ್ಲ. "ನೀನೇನು ಅವ್ನನ್ನ ಕೊಂದ್ಯಾ ಗಂಗಾ? ಅವ್ನು ಸತ್ತಾಗ ನಿಂಗೆ ಅವ್ನ ಹೆಸ್ರೇ ಗೊತ್ತಿರ್ಲಿಲ್ಲ," ಎಂದ ಬಸವರಾಜು. "ಕೊಂದಿಲ್ಲ ಕಣ್ರೀ. ಅಕ್ಕನ ಕೈಯಿಂದ ತಪ್ಪಿಸ್ಬುಟ್ಟೆ," ಎಂದಳು ಅವಳು.

ಬಾಗಿಲು ತೆರೆದ ಮೇಲೆ ಅವಳ ಕೆಲಸದ ರೀತಿ ಬದಲಾಗಿತ್ತು. ಬಾಕ್ಸು ಬಂದರೆ ಕೈ ಕಟ್ಟಿ ಕೂತು ಕೊನೆಯ ಅಕ್ಷರದವರೆಗೂ ಓದುತ್ತಿದ್ದಳು. ಗೊತ್ತಾಗದ ಪದವನ್ನು ನಿಘಂಟಿನಲ್ಲಿ ಹುಡುಕುತ್ತಿದ್ದಳು, ಸಿಗದಿದ್ದರೆ ಸುಚಿತ್ರಾಳನ್ನು ಕೇಳುತ್ತಿದ್ದಳು. ಕೆಲಸ ನಿಧಾನವಾಯಿತು. ಗಿರಾಕಿಗಳು ಚಡಪಡಿಸುತ್ತಿದ್ದರು. "ಏನ್ ಮಾರಾಯ್ತಿ, ಮೊದ್ಲೆಲ್ಲ ಪಟ್ ಅಂತ ಆಗೋದು," ಎನ್ನುತ್ತಿದ್ದರು. ಅರ್ಜಿಯ ಕೊನೆ ದಿನ ಹತ್ತಿರವಿದ್ದರೆ ಅವಳೇ ಎದ್ದು, "ಇಲ್ಲಿ ಕಾಯ್ಬ್ಯಾಡಿ, ಹಾಸನಕ್ಕೆ ಹೋಗಿ ಕೈಯಾರೆ ಕೊಟ್ಟು ಬನ್ನಿ," ಎಂದು ಕಳಿಸುತ್ತಿದ್ದಳು.

ಸೇವಾ ಸಂಸ್ಥೆಗೆ ಫೋನು ಮಾಡಿ ತಾರೀಖಿನ ಸಮಸ್ಯೆ ವಿವರಿಸಿದಳು. ವೆಬ್‌ಸೈಟ್ ಮಾಡಿಕೊಟ್ಟವನು ಪರದೇಶಕ್ಕೆ ಹೋಗಿದ್ದ, ಸಂಸ್ಥೆಯಲ್ಲಿ ಅದನ್ನು ತಿಳಿದವರು ಬೇರೆ ಯಾರೂ ಇರಲಿಲ್ಲ. ಸರಿಯಾಗಲು ಐದು ತಿಂಗಳು ಹಿಡಿಯಿತು. ಅಷ್ಟು ದಿನವೂ ಗಂಗಾಮಣಿ ಒಂದು ಮಿಷನ್ನಿನ ಗಡಿಯಾರವನ್ನು ಹಿಂದಿನ ವರ್ಷದ ನವೆಂಬರಿನಲ್ಲೇ ನಿಲ್ಲಿಸಿಕೊಂಡಳು. ಪ್ರತಿ ಸೋಮವಾರ ಹೊಸ ಫೋಟೋಗಳನ್ನು ಪ್ರಿಂಟ್ ತೆಗೆದು ಪೊಲೀಸ್ ಠಾಣೆಗೆ ಒಂದು ಪ್ರತಿ ಕೊಟ್ಟು, ಒಂದನ್ನು ಅಂಗಡಿಯ ಗೋಡೆಗೆ ಅಂಟಿಸುತ್ತಿದ್ದಳು. ಸತ್ತವರ ಮುಖ ನೋಡುತ್ತಾ ಪರೀಕ್ಷೆಯ ಅರ್ಜಿ ತುಂಬಲು ಯಾರಿಗೆ ತಾನೇ ಮನಸ್ಸು ಬಂದೀತು? ಹೆಣ್ಣುಮಕ್ಕಳು ಬರುವುದು ನಿಂತಿತು. ಬಸ್ ನಿಲ್ದಾಣದ ಹತ್ತಿರ ಹೊಸದೊಂದು ಸೆಂಟರ್ ಶುರುವಾಗಿತ್ತು, ಅಲ್ಲಿಗೆ ಹೋದರು. ಇವಳದನ್ನು ಹೆಣದಂಗಡಿ ಎಂದೂ ಕೆಲವರು ಕರೆದರು. ಗಂಗಾಮಣಿ ಫೋಟೋ ಕೀಳಲಿಲ್ಲ.

ಜೂನಿನಲ್ಲಿ ಹಾನುಬಾಳಿನ ಕಡೆಯ ಒಂದು ಮನೆಯವರು ಆ ಗೋಡೆಯ ಮೇಲೆ ತಮ್ಮ ತಂದೆಯನ್ನು ಗುರುತಿಸಿದರು. ಶವ ಸಿಕ್ಕಿ ಒಂಬತ್ತು ದಿನವಾಗಿತ್ತು. ಜೀಪು ಮಾಡಿಕೊಂಡು ಹೋಗಿ ತಂದು, ತಮ್ಮ ಜಮೀನಿನಲ್ಲೇ ಮಣ್ಣು ಮಾಡಿದರು. ತಿಥಿ ಮುಗಿಸಿ ಬಂದು ಹಿರಿಯ ಮಗ ಅವಳಿಗೆ ಕೈ ಮುಗಿದ. ಅವಳು ಆ ಕೈಗಳನ್ನು ನೋಡಲಾಗದೆ ಮುಖವನ್ನು ಆಚೆ ತಿರುಗಿಸಿದಳು.

ಮುಂದಿನ ಜನವರಿ, ಕಾಫಿ ಕೊಯ್ಲಿನ ಸಮಯ. ಬೆಳಿಗ್ಗೆ ಹತ್ತರ ಹೊತ್ತಿಗೆ ರಾಮಮ್ಮ ಬಂದು ಬಾಗಿಲಲ್ಲಿ ನಿಂತಳು. ಹತ್ತು ತಿಂಗಳಲ್ಲಿ ಹತ್ತು ವರ್ಷ ಮುದುಕಿಯಾದಂತಿದ್ದಳು. ಗಂಗಾಮಣಿ ಎದ್ದು ನಿಂತಳು.

"ಅವ್ನ ಫೋಟೋ ಐತಾ ನಿನ್ತಾವ?" ಎಂದಳು ರಾಮಮ್ಮ. "ಮನೇಲಿ ಒಂದೂ ಇಲ್ಲ. ರೇಷನ್ ಕಾರ್ಡಿಗೆ ತೆಗೆಯಾಗ ಮರದ ಮ್ಯಾಲಿದ್ದ. ಓಟಿನ ಕಾರ್ಡಿಗೆ ತೆಗೆಯಾಗ ಆಸ್ಪತ್ರೇಲಿದ್ದ. ವರ್ಷದ ಎಡೆ ಇಡ್ಬೇಕು, ಮುಂದೆ ಇಡಾಕೆ ಏನೂ ಇಲ್ಲ."

ಫೋಟೋ ಇತ್ತು. ಅಂದೇ ಉಳಿಸಿಟ್ಟಿದ್ದಳು. ಮನುಷ್ಯ ಮೂವತ್ತೆಂಟು ವರ್ಷ ಬದುಕಿ, ಅವನದೆಂದು ಉಳಿದಿದ್ದ ಚಿತ್ರ ಅದೊಂದೇ. ಕೆಳಗಿನ ನಂಬರ್ ಕತ್ತರಿಸಿ, ಹಿಂದಿನ ಕಲ್ಲಿನ ಹಾಸನ್ನು ಅಳಿಸಿ ಬಿಳಿ ಮಾಡಿ, ದಪ್ಪ ಕಾಗದದಲ್ಲಿ ಪ್ರಿಂಟ್ ತೆಗೆದಳು. ರಾಮಮ್ಮ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು.

"ಕಣ್ಣು ಬಿಟ್ಟಂಗೆ ಮಾಡಾಕಾಯ್ತದಾ?"

ಹಾಸನದ ಸ್ಟುಡಿಯೋಗಳಲ್ಲಿ ಅದನ್ನು ಮಾಡುತ್ತಿದ್ದರು, ಬೇರೆ ಯಾರದೋ ಕಣ್ಣು ತಂದು ಕೂರಿಸುತ್ತಿದ್ದರು. ಗಂಗಾಮಣಿ ಆ ಮುಖವನ್ನು ನೋಡಿದಳು. ಅವನ ಕಣ್ಣುಗಳು ಹೇಗಿದ್ದವೆಂದು ಅವಳಿಗೆ ಗೊತ್ತಿರಲಿಲ್ಲ.

"ನಂಗೆ ಬರಾಕಿಲ್ಲ ಕಣಕ್ಕ," ಎಂದಳು.

ರಾಮಮ್ಮ ತಲೆಯಾಡಿಸಿ, ಫೋಟೋವನ್ನು ಮಡಚದೆ ಸೆರಗಿನ ಒಳಗೆ ಎದೆಗೆ ಹಿಡಿದುಕೊಂಡಳು. ಗೋಡೆಯ ಮೇಲಿನ ಮುಖಗಳನ್ನು ಒಂದೊಂದಾಗಿ ನೋಡುತ್ತಾ ಸ್ವಲ್ಪ ಹೊತ್ತು ನಿಂತಳು. ಆಮೇಲೆ ಪಾಳ್ಯದ ಬಸ್ಸಿನ ಹಾರ್ನ್ ಕೇಳಿಸಿತು, ಚಪ್ಪಲಿ ಮೆಟ್ಟಿಕೊಂಡು ಓಣಿಯಿಂದಾಚೆ ಬಿರಬಿರನೆ ನಡೆದಳು.